ಚಿನ್ನವ್ವನ ಕಣ್ಣು

ಗೊಂಬೆಯ ಕಣ್ಣಿನಲ್ಲಿ ಒಂದು ಕೋಣೆ ಕಾಣುತ್ತಿದೆ ಎಂದು ಧಾರವಾಡದಿಂದ ಫೋನ್ ಬಂದಾಗ ವನಮಾಲಾ ಚಿತ್ರಗಾರ ಹನ್ನೊಂದನೇ ವಾರ್ಡಿಗೆ ನೀರು ಬಿಡುತ್ತಿದ್ದಳು.

ಗದಗ-ಬೆಟಗೇರಿಯಲ್ಲಿ ಈಗ ವಾಲ್ವ್ ತಿರುಗಿಸಲು ಯಾರೂ ರಸ್ತೆಗೆ ಇಳಿಯುವುದಿಲ್ಲ. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಊರಿನ ಕೊಳವೆಗಳ ನಕ್ಷೆ ಇದೆ. ಬೆರಳಿಟ್ಟ ಗೆರೆ ಹಸಿರಾದರೆ ಆ ಓಣಿಗೆ ನೀರು ಹೊರಟಿತೆಂದು ಅರ್ಥ. ನೀರು ಬರದ ಓಣಿಯವರು ಫೋನ್ ಮಾಡಿ ಬೈಯುತ್ತಾರೆ. ಬೈದವರಿಗೂ ಬೇಡಿಕೊಂಡವರಿಗೂ ವನಮಾಲಾ ಒಂದೇ ದನಿಯಲ್ಲಿ ಉತ್ತರಿಸುತ್ತಾಳೆ. ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವಾಗ ಅವಳ ಸಂಭಾಷಣೆಗಳ ಧ್ವನಿಮುದ್ರಿಕೆಯನ್ನೇ ಕೇಳಿಸುತ್ತಾರೆ.

ಫೋನ್ ಮಾಡಿದವರು ಡಾ. ಇರ್ಫಾನ್ ಸವಣೂರ, ಧಾರವಾಡದ ಚಿತ್ರ ಸಂರಕ್ಷಣಾ ಪ್ರಯೋಗಾಲಯದ ವಿಜ್ಞಾನಿ. ಅವಳ ತಂದೆ ಮಾನಪ್ಪ ಚಿತ್ರಗಾರರ ‘ಬೆಚ್ಚನೆಯ ಮನೆ’ ಚಿತ್ರವನ್ನು ಶುಚಿಗೊಳಿಸುವಾಗ ಮುಖ್ಯ ಗೊಂಬೆಯ ಕಣ್ಣಿನಲ್ಲಿ ಪ್ರತಿಬಿಂಬ ಸಿಕ್ಕಿದೆ, ಅದನ್ನು ಬಿಡಿಸಿದಾಗ ಚಿತ್ರೀಕರಣ ನಡೆದ ಕೋಣೆ ಕಾಣುತ್ತಿದೆ, ಕೋಣೆಯಲ್ಲಿ ಮನುಷ್ಯರಿದ್ದಾರೆ ಎಂದರು. ಕಾನೂನಿನಂತೆ ಮೊದಲು ವಾರಸುದಾರರು ನೋಡಬೇಕು. ನೋಡದೆಯೂ ಬೇಡವೆನ್ನಬಹುದು. ಬೇಡವೆಂದರೆ ಅಳಿಸಿಬಿಡುತ್ತಾರೆ.

ಡ್ಯೂಟಿ ಮುಗಿದ ಮೇಲೆ ತಿಳಿಸುತ್ತೇನೆ ಎಂದು ಹೇಳಿ ವನಮಾಲಾ ಹನ್ನೆರಡನೇ ವಾರ್ಡಿನ ಗೆರೆಯ ಮೇಲೆ ಬೆರಳಿಟ್ಟಳು.

‘ಬೆಚ್ಚನೆಯ ಮನೆ’ ಹದಿನಾರು ನಿಮಿಷದ ಚಿತ್ರ. ಅದರಲ್ಲಿ ನಟರಿಲ್ಲ, ಮರದ ಗೊಂಬೆಗಳಿವೆ. ಗೊಂಬೆಯನ್ನು ಅಕ್ಕಿಕಾಳಿನಷ್ಟು ಸರಿಸಿ ಒಂದು ಫೋಟೊ, ಇನ್ನಷ್ಟು ಸರಿಸಿ ಮತ್ತೊಂದು ಫೋಟೊ. ಇಂಥ ಹನ್ನೆರಡು ಫೋಟೊಗಳನ್ನು ಒಂದು ಸೆಕೆಂಡಿನಲ್ಲಿ ಓಡಿಸಿದರೆ ಗೊಂಬೆ ತಾನೇ ನಡೆದಂತೆ ಕಾಣುತ್ತದೆ. ಕಿನ್ನಾಳದ ಗೊಂಬೆ ಮಾಡುವ ಮನೆತನದಲ್ಲಿ ಹುಟ್ಟಿದ ಮಾನಪ್ಪ, ಬೆಟಗೇರಿಯ ಬಾಡಿಗೆ ಮನೆಯೊಂದರ ಮಾಳಿಗೆಯ ಕೋಣೆಯಲ್ಲಿ ಎರಡು ವರ್ಷ ಈ ಕೆಲಸ ಮಾಡಿದ. ಮಕ್ಕಳ ಚಿತ್ರಗಳಿಗೆಂದು ಇದ್ದ ಯೋಜನೆಯೊಂದರ ನೆರವು ಪಡೆದದ್ದರಿಂದ ಕಾಗದದ ಮೇಲೆ ಅದು ಮಕ್ಕಳ ಚಿತ್ರ.

ಕಥೆ ಇಷ್ಟು. ಚಳಿಗಾಲದಲ್ಲಿ ಗೊಂಬೆಗಳ ಮನೆಯೊಂದರಲ್ಲಿ ಕಟ್ಟಿಗೆ ಮುಗಿಯುತ್ತದೆ. ಅಜ್ಜ ತನ್ನ ಎಡಗೈ ಬಿಚ್ಚಿ ಒಲೆಗಿಡುತ್ತಾನೆ. ಮರುದಿನ ಅಜ್ಜಿ ಕಾಲು ಕೊಡುತ್ತಾಳೆ. ಯಾರೂ ಅಳುವುದಿಲ್ಲ, ಕೀಲು ಬಿಚ್ಚುವಾಗ ಕಿರ್ ಎನ್ನುವ ಸದ್ದು ಮಾತ್ರ ಕೇಳುತ್ತದೆ. ಹೀಗೆ ಎಲ್ಲರೂ ಉರಿದು ಹೋಗಿ ಚಿನ್ನವ್ವನೆಂಬ ಹುಡುಗಿ ಗೊಂಬೆ, ಒಲೆ ಮತ್ತು ಒಲೆಯ ಪಕ್ಕದಲ್ಲಿ ತಾಯಿಯ ತಲೆ ಉಳಿಯುತ್ತವೆ. ತಾಯಿಯ ತಲೆ ಮಗಳನ್ನು ನೋಡುತ್ತಿರುತ್ತದೆ. ಚಿನ್ನವ್ವ ನಾಲ್ಕು ಸೆಕೆಂಡ್ ಅಲುಗಾಡದೆ ನಿಲ್ಲುತ್ತಾಳೆ. ಆಮೇಲೆ ಎರಡೂ ಕೈ ಚಾಚಿ ಆ ತಲೆಯನ್ನು ಎತ್ತಿ ಒಲೆಗೆ ಹಾಕುತ್ತಾಳೆ. ಮನೆ ಬೆಚ್ಚಗಾಗುತ್ತದೆ. ಚಿತ್ರ ಮುಗಿಯುತ್ತದೆ.

ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಮೊದಲ ಪ್ರದರ್ಶನ ನಡೆಯಿತು. ಚಿನ್ನವ್ವ ನಿಂತ ಜಾಗದಲ್ಲಿ ಹಿಂದಿನ ಸಾಲಿನ ಒಂದು ಮಗು ಬಾಗಿಲ ಕಡೆ ಓಡಿತು, ಅದರ ಹಿಂದೆ ಇಡೀ ತರಗತಿ ಓಡಿತು. ಮುಖ್ಯೋಪಾಧ್ಯಾಯಿನಿ ಪ್ರೊಜೆಕ್ಟರಿನ ಪ್ಲಗ್ ಕಿತ್ತರು. ಮಕ್ಕಳಿಗೆ ತೋರಿಸಬಾರದು ಎಂದು ಹೊಸ ಪ್ರಮಾಣಪತ್ರ ಬಂತು. ಇಪ್ಪತ್ತು ವರ್ಷ ಮರೆತುಹೋಗಿದ್ದ ಚಿತ್ರ, ಆ ಮಕ್ಕಳು ದೊಡ್ಡವರಾಗಿ ಅದರ ಬಗ್ಗೆ ಬರೆಯತೊಡಗಿದ ಮೇಲೆ ಮತ್ತೆ ಚಾಲ್ತಿಗೆ ಬಂತು. ಆ ನಾಲ್ಕು ಸೆಕೆಂಡುಗಳ ಕುರಿತು ವಿಚಾರಸಂಕಿರಣಗಳಾದವು. ನಿರ್ದೇಶಕನ ಸಂಯಮವನ್ನು ವಿಮರ್ಶಕರು ಹೊಗಳಿದರು. ಮಾನಪ್ಪನನ್ನು ಯಾರಾದರೂ ಕೇಳಿದರೆ, “ಅದು ಹಂಗ ಬಂತು” ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಎಲ್ಲಿಯೂ ಹೇಳಿಲ್ಲ.

ಪ್ರತಿಬಿಂಬದಿಂದ ಎದುರಿನ ದೃಶ್ಯ ಬಿಡಿಸುವ, ಮರುಬಿಂಬ ಎಂದು ಜನ ಕರೆಯುವ ತಂತ್ರ ಬಂದು, ಧಾರವಾಡದ ಫೋನ್ ಬರುವ ಹೊತ್ತಿಗೆ ಆರು ವರ್ಷವಾಗಿತ್ತು. ಹೊಳೆಯುವ ಯಾವ ವಸ್ತುವಾದರೂ ತನ್ನ ಎದುರಿಗಿದ್ದುದರ ಚೂರು ಬೆಳಕನ್ನು ಫೋಟೊದೊಳಕ್ಕೆ ಒಯ್ದಿರುತ್ತದೆ: ಕನ್ನಡಕ, ಸ್ಟೀಲ್ ಲೋಟ, ಕಣ್ಣಿನ ಪಾಪೆ. ಒಂದು ಫೋಟೊದಲ್ಲಿ ಅದು ಬರೀ ಮಸುಕು. ಅದೇ ವಸ್ತುವಿನ ನೂರಾರು ಫೋಟೊ ಸಿಕ್ಕರೆ ಮಸುಕುಗಳನ್ನು ಒಂದರ ಮೇಲೊಂದು ಕೂಡಿಸಿ, ವಸ್ತುವಿನ ದುಂಡನ್ನು ಲೆಕ್ಕಕ್ಕೆ ಹಿಡಿದು ಎದುರಿನ ದೃಶ್ಯವನ್ನು ಬಿಡಿಸಬಹುದು.

ಮೊದಲು ಪೊಲೀಸರು ಬಳಸಿದರು, ಆಮೇಲೆ ಮನೆಮನೆಯವರು. ಮದುವೆಯ ವಿಡಿಯೊದಲ್ಲಿ ಅತ್ತೆಯ ಮೂಗುತಿಯೊಳಗೆ ಯಾರು ಯಾರ ಕೈ ಹಿಡಿದಿದ್ದರೆಂದು ನೋಡಿ ಎರಡು ಕುಟುಂಬಗಳು ಕೋರ್ಟಿಗೆ ಹೋದವು. ಹಳೆಯ ಆಲ್ಬಮ್ಮುಗಳ ಕನ್ನಡಕಗಳಿಗೆ ಕಪ್ಪು ಚುಕ್ಕೆ ಅಂಟಿಸಿಕೊಡುವ ಅಂಗಡಿಗಳು ಹುಟ್ಟಿಕೊಂಡವು. ಮದುವೆ ಮಂಟಪಗಳಲ್ಲಿ ಸ್ಟೀಲ್ ತಂಬಿಗೆಯ ಬದಲು ಮಣ್ಣಿನ ಮಡಕೆ ಇಡುವುದು ರೂಢಿಯಾಯಿತು. ಕಾನೂನು ತಡವಾಗಿ ಬಂತು: ಬಿಂಬದಲ್ಲಿ ಕಂಡವರ ವಾರಸುದಾರರು, ಬದುಕಿದ್ದರೆ ಸ್ವತಃ ಅವರೇ, ಒಪ್ಪಬೇಕು.

ವನಮಾಲಾಳ ಮನೆಯಲ್ಲಿ ಮೂವರಿದ್ದರು: ಅವಳು, ಹತ್ತು ವರ್ಷದ ಮಗಳು ಇಂಚರ, ಮತ್ತು ಪಾರವ್ವ. ಪಾರವ್ವ ವನಮಾಲಾಳ ತಾಯಿ ಅನಸೂಯಾಳ ತಂಗಿ. ತಾಯಿ ಹೋದಾಗ ವನಮಾಲಾಳಿಗೆ ಏಳು ವರ್ಷ. ಅಂದಿನಿಂದ ಸಾಕಿದವಳು ಈ ಚಿಗವ್ವ. ವನಮಾಲಾಳ ಗಂಡ ಬಳ್ಳಾರಿಯಲ್ಲಿ ಕೆಲಸ ಮಾಡುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ.

ಆ ಮನೆಯಲ್ಲಿ ಮಾನಪ್ಪನೂ ಕೊನೆಯ ಆರು ವರ್ಷ ಇದ್ದ. ಪಾರವ್ವ ಅವನಿಗೆ ಊಟ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ವನಮಾಲಾ ಮಾತಾಡುತ್ತಿದ್ದಳು. ಚಹಾ ಬೇಕೇನು, ಗುಳಿಗೆ ತಗೊಂಡೆಯಾ, ಫ್ಯಾನ್ ಹಚ್ಚಲೇನು. ಕೇಳಬೇಕಾದ ಒಂದು ಮಾತು ಇತ್ತು. ಅದನ್ನು ಅವಳು ಕೇಳಲಿಲ್ಲ. ಹಿಂದಿನ ವರ್ಷ ಅವನು ತೀರಿಕೊಂಡಾಗ ಜನ ಅವಳು ಅಳುವುದಕ್ಕೆ ಕಾದರು. ಅವಳು ಬಂದವರ ಚಪ್ಪಲಿಗಳನ್ನು ಸಾಲಾಗಿ ಇಟ್ಟಳು.

ಆ ಮಾತನ್ನು ಅವಳ ತಲೆಯಲ್ಲಿಟ್ಟವಳು ಪಾರವ್ವ. ಬಾಲ್ಯದಿಂದ ಒಂದೇ ವಾಕ್ಯದಲ್ಲಿ ಹೇಳುತ್ತಿದ್ದಳು: ಅಕ್ಕ ಮಂಚದ ಮ್ಯಾಲ ಸಾಯಾಕತ್ತಿದ್ದಳು, ನಿಮ್ಮಪ್ಪ ಆಕಿಗೆ ಬೆನ್ನು ಮಾಡಿ ಗೊಂಬಿ ನೋಡಕೋತ ನಿಂತಿದ್ದ.

ಧಾರವಾಡದ ಫೋನಿನ ವಿಷಯ ತಿಳಿಸಿದಾಗ ಪಾರವ್ವ ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ. ಇಂಥ ಗೊಂಬೆ ಚಿತ್ರ ತೆಗೆಯುವ ಬೇರೆಯವರು ಹೊಳಪು ತಪ್ಪಿಸಲೆಂದು ಕ್ಯಾಮೆರಾದ ಸುತ್ತ ಕಪ್ಪು ಬಟ್ಟೆ ಕಟ್ಟುತ್ತಿದ್ದರಂತೆ, ಇಲ್ಲಿ ಯಾಕೆ ಕಟ್ಟಿರಲಿಲ್ಲ ಎಂದು ವಿಜ್ಞಾನಿ ಕೇಳಿದ್ದನ್ನು ವನಮಾಲಾ ಹೇಳಿದಳು. ಅದಕ್ಕೆ ಪಾರವ್ವನ ಬಳಿ ಉತ್ತರವಿತ್ತು. ಮಾನಪ್ಪನ ಮನೆತನದಲ್ಲಿ ಗೊಂಬೆಗೆ ಕಣ್ಣು ಕೊನೆಗೆ ಬರೆಯುತ್ತಾರೆ. ಬರೆದ ಮೇಲೆ ಆ ಕಣ್ಣಿಗೆ ಬಟ್ಟೆ ಅಡ್ಡ ಹಿಡಿಯಬಾರದು, ಗೊಂಬೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಬಾರದು. ತೆರೆದ ಕಣ್ಣಿಗೆ ಮನೆಯ ಮನುಷ್ಯರು ಕಾಣುತ್ತಿರಬೇಕು. ಹಾಗಾಗಿ ಗೊಂಬೆಗಳು ಕೋಣೆಗೆ ಮುಖ ಮಾಡಿದ್ದವು. ಕೋಣೆಯಲ್ಲಿ ಇದ್ದದ್ದು ಮಂಚ.

“ಹೋಗಿ ನೋಡ್ಕೊಂಡ ಬಾ,” ಎಂದಳು ಪಾರವ್ವ. “ನಾ ಹೇಳಿದ್ದು ಸುಳ್ಳೋ ಖರೇನೋ ಗೊತ್ತಾಗಲಿ.”

ಧಾರವಾಡದ ಪ್ರಯೋಗಾಲಯದಲ್ಲಿ ಚಳಿ ಜಾಸ್ತಿ ಇತ್ತು. ಹಳೆಯ ಫಿಲ್ಮುಗಳಿಗಾಗಿ ಹಾಗೆ ಇಟ್ಟಿರುತ್ತಾರೆ. ಇರ್ಫಾನ್ ಸವಣೂರ ಅವಳಿಗೊಂದು ಶಾಲು ಕೊಟ್ಟು, ಕಾಗದದ ಲೋಟದಲ್ಲಿ ಚಹಾ ಕೊಟ್ಟು, ಕೂರಿಸಿ, ನೋಡುವ ಮೊದಲೇ ಕೆಲವು ಸಂಗತಿಗಳನ್ನು ಸ್ಪಷ್ಟಪಡಿಸಿದರು. ಚಿನ್ನವ್ವನ ಕಣ್ಣುಗಳು ಬಣ್ಣದಲ್ಲಿ ಬರೆದವಲ್ಲ, ಕಪ್ಪು ಗಾಜಿನ ಮಣಿಗಳು. ಎರಡು ವರ್ಷ ಅವೇ ಮಣಿಗಳು, ಅದೇ ದೀಪ, ಸಾವಿರಾರು ಫೋಟೊ. ಮರುಬಿಂಬಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ತಮಗೆ ಸಿಕ್ಕಿಲ್ಲ. ಯಂತ್ರಕ್ಕೆ ನಿಜವಾಗಿ ಕಂಡದ್ದು ಕಪ್ಪು-ಬಿಳುಪಿನಲ್ಲಿರುತ್ತದೆ. ಕಾಣದೆ ಊಹಿಸಿ ತುಂಬಿದ್ದು ನೀಲಿಯಲ್ಲಿರುತ್ತದೆ. ಸದ್ದು ಇರುವುದಿಲ್ಲ.

ಪರದೆಯ ಮೇಲೆ ಕೋಣೆ ಮೂಡಿತು. ಕಿಟಕಿ. ಗೋಡೆಯ ಮೊಳೆಗೆ ತೂಗುಹಾಕಿದ ಚೀಲ. ಕ್ಯಾಮೆರಾದ ಕಾಲುಗಳ ಪಕ್ಕದಲ್ಲಿ, ಈಗಿನ ವನಮಾಲಾಳಿಗಿಂತ ಚಿಕ್ಕವನಾದ ಮಾನಪ್ಪ. ಅವನ ಹಿಂದೆ ಮಂಚ, ಮಂಚದ ಮೇಲೆ ದಿಂಬಿಗೆ ಒರಗಿದ ಅನಸೂಯಾ. ಹೃದಯ ಹಿಗ್ಗುವ ಕಾಯಿಲೆಯವಳು, ಎದ್ದು ಓಡಾಡಬಾರದೆಂದು ಡಾಕ್ಟರು ಹೇಳಿದ್ದರು. ಎರಡು ವರ್ಷ ಹದಿನಾರು ನಿಮಿಷಗಳಲ್ಲಿ ಓಡುತ್ತಿದ್ದುದರಿಂದ ಕಿಟಕಿ ಮಿಣುಕುತ್ತಿತ್ತು, ಅವಳ ಸೀರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬದಲಾಗುತ್ತಿತ್ತು. ದಿಂಬುಗಳು ಎರಡಿದ್ದವು ಮೂರಾದವು. ಒಮ್ಮೆ ಮಂಚದ ಅಂಚಿನಲ್ಲಿ ಒಂದು ಮಗು ಕೂತು ಎದ್ದುಹೋಯಿತು. ಅದು ತಾನೇ ಎಂದು ವನಮಾಲಾಳಿಗೆ ಹೊಳೆದದ್ದು ಮಗು ಹೋದ ಮೇಲೆ.

ತಾಯಿಯ ಕೈಯಲ್ಲಿ ಏನೋ ಇತ್ತು. ಪ್ರತಿ ಫೋಟೊದಲ್ಲೂ ಇತ್ತು. ಅದೇನೆಂದು ಕೇಳಿದಳು.

“ಸ್ವಿಚ್ ರೀ, ಕ್ಯಾಮೆರಾದ್ದು,” ಎಂದರು ಇರ್ಫಾನ್. “ವೈರ್ ನೋಡ್ರಿ, ಮಂಚದಿಂದ ಇಲ್ಲಿತನಕ ಬಂದದ. ನಿಮ್ಮ ತಂದಿ ಗೊಂಬಿ ಸರಿಸಿ ಬಾಜೂ ನಿಂದರತಾರ, ನಿಮ್ಮ ತಾಯಿ ಒತ್ತತಾರ. ಮೊದಲನೇ ಫೋಟೊದಿಂದ ಹಿಂಗ. ಇಡೀ ಪಿಚ್ಚರ್ ತಗದಾವ್ರು ಅವರ.”

ವನಮಾಲಾ ಚಹಾದ ಲೋಟ ಕೆಳಗಿಟ್ಟಳು. ಇದು ಅವಳಿಗೆ ಗೊತ್ತಿರಲಿಲ್ಲ. ಪಾರವ್ವನಿಗೆ ಗೊತ್ತಿತ್ತೋ ಇಲ್ಲವೋ, ಆ ವಾಕ್ಯದಲ್ಲಿ ಇದಕ್ಕೆ ಜಾಗವಿರಲಿಲ್ಲ.

ಚಿನ್ನವ್ವ ಅಲುಗಾಡದೆ ನಿಂತ ಆ ನಾಲ್ಕು ಸೆಕೆಂಡುಗಳನ್ನು ಓಡಿಸಿ ತೋರಿಸಲು ಇರ್ಫಾನ್ ಒಪ್ಪಲಿಲ್ಲ, ಒಂದೊಂದೇ ಫೋಟೊ ಇಟ್ಟು ತೋರಿಸುವುದಾಗಿ ಹೇಳಿದರು. ನಾಲ್ಕು ಸೆಕೆಂಡಿಗೆ ನಲವತ್ತೆಂಟು ಫೋಟೊ. ಆ ಕ್ಯಾಮೆರಾದ ಸ್ವಿಚ್ಚನ್ನು ಒತ್ತಿ ಹಿಡಿದರೆ ಬಿಡುವವರೆಗೂ ಅದು ಫೋಟೊ ತೆಗೆಯುತ್ತ ಹೋಗುತ್ತಿತ್ತು. ಈ ನಲವತ್ತೆಂಟನ್ನು ಅದು ಒಂದು ನಿಮಿಷಕ್ಕೂ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ತೆಗೆದಿದೆ. ನಡುವೆ ಗೊಂಬೆಯನ್ನು ಯಾರೂ ಮುಟ್ಟಿಲ್ಲ. ಗೊಂಬೆ ಅಲುಗಾಡದೆ ನಿಂತದ್ದರಿಂದಲೇ ಬಿಂಬ ಇಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿದೆ.

ಮೊದಲ ಫೋಟೊ. ಮಾನಪ್ಪ ಗೊಂಬೆಯ ಕಡೆ ಮುಖ ಮಾಡಿ, ಕೈ ಹಿಂದೆ ಕಟ್ಟಿ ನಿಂತಿದ್ದಾನೆ. ಹಿಂದೆ ಅನಸೂಯಾಳ ತಲೆ ದಿಂಬಿನಿಂದ ಜಾರಿ ಬದಿಗೆ ವಾಲಿದೆ. ಅವಳ ಕೈ ಮಂಚದ ಚೌಕಟ್ಟಿನ ಮೇಲೆ ಬಿದ್ದು, ಕಟ್ಟಿಗೆಗೂ ಅಂಗೈಗೂ ನಡುವೆ ಸ್ವಿಚ್ ಸಿಕ್ಕಿ ಒತ್ತಿಹೋಗಿದೆ.

ಎರಡನೆಯದು. ಮಾನಪ್ಪ ಹಾಗೆಯೇ ಇದ್ದಾನೆ. ಬಾಗಿಲಲ್ಲಿ ಇನ್ನೊಂದು ಆಕೃತಿ.

ಮೂರನೆಯದು. ಮಾನಪ್ಪ ಹಾಗೆಯೇ ಇದ್ದಾನೆ. ಬಾಗಿಲಲ್ಲಿರುವವಳು ತರುಣಿ. ಕೈಯಲ್ಲಿ ತಟ್ಟೆ ಇದೆ. ಮಂಚವನ್ನು ನೋಡುತ್ತಿದ್ದಾಳೆ.

ನಾಲ್ಕನೆಯದು. ಬಾಗಿಲು ಖಾಲಿ. ಮಾನಪ್ಪನ ತಲೆ ತಿರುಗಿದೆ.

ಐದನೆಯದರಲ್ಲಿ ಅವನು ಮಂಚದ ಪಕ್ಕ ಮಂಡಿಯೂರಿದ್ದ. ಆರನೆಯದರಲ್ಲಿ ಅವಳ ತಲೆ ಅವನ ತೋಳಿನ ಮೇಲಿತ್ತು. ಅಲ್ಲಿಂದ ಮುಂದಿನ ಎಲ್ಲ ಫೋಟೊಗಳೂ ಹೆಚ್ಚುಕಡಿಮೆ ಒಂದೇ. ಸ್ವಿಚ್ಚಿನ ಮೇಲಿದ್ದ ಕೈಯನ್ನು ಅವನು ಎತ್ತಲಿಲ್ಲ. ಕೊನೆಯ ಫೋಟೊದಲ್ಲಿ ಮಾತ್ರ ಅವನ ಕೈ ಅವಳ ಕೈಯ ಮೇಲೆ ಬಂತು.

“ಇಷ್ಟ ರೀ,” ಎಂದರು ಇರ್ಫಾನ್.

ಅವಳು ಎಷ್ಟೋ ಹೊತ್ತು ಹದಿನೈದನೆಯದೋ ಹದಿನಾರನೆಯದೋ ಒಂದು ಫೋಟೊವನ್ನೇ ನೋಡುತ್ತಿದ್ದಳು. ತಂದೆಯ ಬೆನ್ನು, ಕುತ್ತಿಗೆ, ಕಿವಿ ಕಪ್ಪು-ಬಿಳುಪಿನಲ್ಲಿದ್ದವು. ಬಾಗಿದ ಮುಖ ನೀಲಿಯಾಗಿತ್ತು. ನೀಲಿ ಮುಖದಲ್ಲಿ ಕಣ್ಣು, ಹುಬ್ಬು, ತೆರೆದ ಬಾಯಿ ಎಲ್ಲ ಇದ್ದವು. ಅವನು ಅಳುತ್ತಿದ್ದ.

“ಇದು ಕಂಡದ್ದಲ್ಲ?”

“ಅಲ್ಲರೀ. ಇಂಥಾ ಹೊತ್ತಿನ್ಯಾಗ ಮಂದಿ ಮುಖ ಹೆಂಗಿರತದ ಅಂತ ಯಂತ್ರ ಕಲ್ತದ. ಅದನ್ನ ಹಚ್ಚತದ.”

“ತಗೀರಿ ಅದನ್ನ.”

ಇರ್ಫಾನ್ ಒಂದು ಕೀಲಿ ಒತ್ತಿದರು. ಮುಖವಿದ್ದ ಜಾಗ ಬರೀ ಬೂದಿಬಣ್ಣವಾಯಿತು. ಅವಳಿಗೆ ಗೊತ್ತಿದ್ದ ತಂದೆಗೆ ಅದೇ ಹತ್ತಿರವಾಗಿತ್ತು.

ನಲವತ್ತೊಂಬತ್ತನೆಯ ಫೋಟೊವನ್ನೂ ಅವರು ತೋರಿಸಿದರು. ಚಿನ್ನವ್ವ ನಿಂತಲ್ಲೇ ಇದ್ದಾಳೆ, ಕೂದಲೆಳೆಯಷ್ಟೂ ಸರಿದಿಲ್ಲ. ಕಿಟಕಿಯ ಬಿಸಿಲು ಬೇರೆ ಗೋಡೆಗೆ ಹೋಗಿದೆ. ಮಂಚ ಇಲ್ಲ. ಸ್ವಿಚ್ ಮಾನಪ್ಪನ ಎಡಗೈಯಲ್ಲಿದೆ. ನಡುವೆ ಎಷ್ಟು ದಿನ ಹೋಗಿವೆ ಎಂಬುದನ್ನು ಬಿಸಿಲಿನಿಂದ ಲೆಕ್ಕ ಹಾಕಬಹುದು ಎಂದರು ಇರ್ಫಾನ್. ಬೇಡವೆಂದಳು.

ಸಹಿಯ ಮಾತು ಬಂದಾಗ ಬಾಗಿಲಲ್ಲಿ ನಿಂತ ತರುಣಿ ಯಾರೆಂದು ಅವರು ಕೇಳಿದರು. ಅವರು ಬದುಕಿದ್ದರೆ ಅವರ ಒಪ್ಪಿಗೆಯೂ ಬೇಕು.

“ಅದಾರ,” ಎಂದಳು ವನಮಾಲಾ. “ಮನ್ಯಾಗ ಅದಾರ.”

ಗದಗಿನ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅಣ್ಣಿಗೇರಿ ದಾಟುವವರೆಗೂ ಹೊಲಗಳನ್ನು ನೋಡಿದಳು. ಏನಾದರೂ ಅನಿಸಬೇಕಿತ್ತು. ಶಾಲನ್ನು ಮರಳಿಸದೆ ಹೊದ್ದುಕೊಂಡೇ ಬಂದಿದ್ದೇನೆ ಎಂಬುದಷ್ಟೇ ಅನಿಸಿತು.

ಪಾರವ್ವ ಬಾಗಿಲು ತೆರೆದು ನೀರು ಕೊಟ್ಟಳು. ಕಂಡದ್ದನ್ನೆಲ್ಲ ವನಮಾಲಾ ಕ್ರಮವಾಗಿ ಹೇಳಿದಳು: ಸ್ವಿಚ್, ವಾಲಿದ ತಲೆ, ಬೆನ್ನು ಮಾಡಿ ನಿಂತ ಮೂರು ಫೋಟೊ, ಬಾಗಿಲಲ್ಲಿ ತಟ್ಟೆ ಹಿಡಿದವಳು. ನಾಲ್ಕನೆಯ ಫೋಟೊ ಹೇಳುವ ಮುಂಚೆ ಒಂದು ಪ್ರಶ್ನೆ ಕೇಳಿದಳು. ಬಾಗಿಲಿನಿಂದ ಎಲ್ಲಿಗೆ ಹೋದಿ?

ಡಾಕ್ಟರನ್ನು ಕರೆಯಲು ಓಡಿದೆ ಎಂದಳು ಪಾರವ್ವ. ಉಪ್ಪಿಟ್ಟಿನ ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟೆನೋ ಎಸೆದೆನೋ ಗೊತ್ತಿಲ್ಲ. ಡಾಕ್ಟರು ಊರಲ್ಲಿರಲಿಲ್ಲ, ಕಂಪೌಂಡರನ್ನು ಕರೆತಂದೆ. ಬರುವಷ್ಟರಲ್ಲಿ ಅವನು ಮತ್ತೆ ಆ ಗೊಂಬೆಯ ಮುಂದೆ ನಿಂತಿದ್ದ.

“ಕ್ಯಾಮೆರಾ ಟಕ್ ಟಕ್ ಅನ್ನಾಕತ್ತಿತ್ತು ಆಗ, ನಾ ಮೊದಲು ಬಂದಾಗ,” ಎಂದಳು. “ಸದ್ದ ಕೇಳಿ ಅಂವ ತಿರುಗಬೇಕಿತ್ತೋ ಇಲ್ಲೋ?”

ಅಕ್ಕ ಆಗಾಗ ಆಟಕ್ಕೆ ನಾಲ್ಕೈದು ಸಲ ಒತ್ತಿಬಿಡುತ್ತಿದ್ದಳು ಎಂದು ಮರುಕ್ಷಣ ತಾನೇ ಹೇಳಿದಳು. ಕ್ಯಾಮೆರಾದ ಕಾರ್ಡ್ ತುಂಬುತ್ತದೆಂದು ಅವನು ಸಿಟ್ಟು ಮಾಡುವುದನ್ನು ನೋಡಲು. ಅವನು ತಿರುಗುತ್ತಿರಲಿಲ್ಲ, ತಿರುಗಿದರೆ ಅವಳು ನಗುತ್ತಾಳೆಂದು. 

ವನಮಾಲಾ ನಾಲ್ಕನೆಯ ಫೋಟೊದಿಂದ ಕೊನೆಯದರವರೆಗೆ ಹೇಳಿದಳು. ಮುಖ ಕಾಣಲಿಲ್ಲ ಎಂಬುದನ್ನೂ ಹೇಳಿದಳು.

“ನಾ ಕಂಡಿದ್ದು ಸುಳ್ಳಲ್ಲ,” ಎಂದಳು ಪಾರವ್ವ.

“ಸುಳ್ಳಲ್ಲ ಚಿಗವ್ವ.”

“ಮೂರ ಫೋಟೊ ಅಂದ್ರ ಎಷ್ಟ ಹೊತ್ತದು?”

“ನಾಕೈದು ಸೆಕೆಂಡ್.”

ಪಾರವ್ವ ಎದ್ದು ಒಲೆ ಹಚ್ಚಿದಳು, ಏನೂ ಇಡಲಿಲ್ಲ, ಆರಿಸಿದಳು. ಬೆನ್ನು ಮಾಡಿಕೊಂಡೇ, ಚಿತ್ರದ ಕೊನೆ ಮೊದಲು ಹೀಗಿರಲಿಲ್ಲ ಎಂದಳು. ಬಾಜೂ ಮನೆಯ ಗೊಂಬೆಗಳು ಕಟ್ಟಿಗೆ ತಂದುಕೊಡುತ್ತಿದ್ದವು, ತಾಯಿ ಉಳಿಯುತ್ತಿದ್ದಳು, ಸಣ್ಣ ಹುಡುಗರು ನೋಡುವಂಥ ಕಥೆ. ಕಟ್ಟಿಗೆಯ ಹೊರೆ ಹೊತ್ತ ಎರಡು ಗೊಂಬೆಗಳನ್ನು ಅವನು ಮಾಡಿಯೂ ಇಟ್ಟಿದ್ದ. ಅವುಗಳಿಗೆ ಕಣ್ಣು ಬರೆಯಲೇ ಇಲ್ಲ. ಆರು ವರ್ಷ ಇದೇ ಮನೆಯಲ್ಲಿ ಉಂಡ, ನೀ ಕಂಡಿದ್ದು ಅಷ್ಟ ಅಲ್ಲ ಅಂತ ಒಂದು ಮಾತು ಅನ್ನಲಿಲ್ಲ.

“ನೀ ಕೇಳಿದೇನು ಚಿಗವ್ವ?”

“ನಾ ಕೇಳಲಿಲ್ಲ. ನೀ ಕೇಳಿದೇನು?”

ವನಮಾಲಾ ಧಾರವಾಡದಿಂದ ತಂದ ಹಾಳೆಯನ್ನು ಮುಂದಿಟ್ಟಳು. ಬೇಡವೆಂದರೆ ಬಾಗಿಲಿದ್ದ ಜಾಗವನ್ನು ಕಪ್ಪು ಮಾಡುತ್ತಾರೆ, ನೀನು ಕಾಣುವುದಿಲ್ಲ ಎಂದು ತಿಳಿಸಿದಳು.

ಪಾರವ್ವ ಕನ್ನಡಕ ಹಾಕಿಕೊಂಡು ಹಾಳೆಯನ್ನು ಕೊನೆಯವರೆಗೂ ಓದಿದಳು. “ಕರೀ ಮಾಡೋದು ಬ್ಯಾಡ. ನಿಂತಿದ್ದೆ, ಕಾಣಲಿ,” ಎಂದು ಸಹಿ ಮಾಡಿದಳು. ವನಮಾಲಾ ತನ್ನ ಸಹಿಯ ಕೆಳಗೆ ಒಂದು ಸಾಲು ಸೇರಿಸಿದಳು: ನೀಲಿ ಬಣ್ಣ ಎಲ್ಲಿಯೂ ಬೇಡ.

ಇಂಚರ ಈ ಮಾತುಗಳನ್ನು ಅರ್ಧಮರ್ಧ ಕೇಳಿಸಿಕೊಂಡಿದ್ದಳು. ಅಜ್ಜನ ಪಿಚ್ಚರ್ ತೋರಿಸು ಎಂದು ಅವಳು ಕೇಳುತ್ತ ಬಂದು ಎರಡು ವರ್ಷವಾಗಿತ್ತು. ದೊಡ್ಡವಳಾದ ಮೇಲೆ ಎಂದು ವನಮಾಲಾ ಮುಂದೂಡುತ್ತಿದ್ದಳು. ಮರುದಿನ ಭಾನುವಾರ, ಊಟವಾದ ಮೇಲೆ, ಕಿಟಕಿಗಳನ್ನು ತೆರೆದಿಟ್ಟೇ ಹಾಕಿದಳು. ಪ್ರಯೋಗಾಲಯದ್ದಲ್ಲ, ಹಳೆಯದೇ. ಗೊಂಬೆಗಳು ಮಾತ್ರ ಕಾಣುವುದು.

ಅಜ್ಜ ಗೊಂಬೆ ಕೈ ಬಿಚ್ಚಿದಾಗ ಇಂಚರ ಮುಖ ಗಂಟು ಹಾಕಿದಳು. ಅಜ್ಜಿಯ ಕಾಲು ಹೋದಾಗ ಪಾರವ್ವನ ಸೆರಗು ಹಿಡಿದಳು. ಪಾರವ್ವ ಈ ಚಿತ್ರವನ್ನು ಒಮ್ಮೆಯೂ ನೋಡಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಯಾರದೋ ಮನೆಗೆ ಬಂದವಳಂತೆ ಕೂತಿದ್ದಳು.

ಒಲೆಯ ಪಕ್ಕ ತಾಯಿಯ ತಲೆ ಉಳಿಯಿತು. ಚಿನ್ನವ್ವ ಅದರ ಮುಂದೆ ಬಂದು ನಿಂತಳು. ಅವಳ ಎರಡು ಕಪ್ಪು ಕಣ್ಣುಗಳಲ್ಲಿ ಎರಡು ಬಿಳಿ ಚುಕ್ಕೆಗಳಿದ್ದವು. ಕಿಟಕಿ ಅದು, ಎಂದು ವನಮಾಲಾಳಿಗೆ ಈಗ ಗೊತ್ತಿತ್ತು.

“ಅವ್ವಾ, ನಿಂತುಬಿಟ್ಟಳಲ್ಲ. ಮುಂದ ಏನ್ ಮಾಡ್ತಾಳ?”

“ಈಗ ಏನೂ ಮಾಡೂದಿಲ್ಲ,” ಎಂದಳು ವನಮಾಲಾ. “ಸುಮ್ನ ಕೂಡು. ನಮ್ಮವ್ವ ಫೋಟೊ ತಗ್ಯಾಕತ್ತಾಳ.”

ಮೂವರೂ ಕಾದರು.